ಮನೆ ಚಿಕ್ಕದು, ಸಂಸಾರ ದೊಡ್ಡದು

ಚಿನ್ನದ ಗಣಿಯ ಲೈನು ಮನೆಗಳು ಹೇಳಿಕೊಡುವ ಲೆಕ್ಕ

ಕೋಲಾರದ ಚಿನ್ನದ ಗಣಿ ಎಂದೊಡನೆ ಎಲ್ಲರ ನೆನಪಿಗೆ ಬರುವುದು ಅದರ ಆಳ. ಚಾಂಪಿಯನ್ ರೀಫ್ ಗಣಿಯು ನೆಲದೊಳಕ್ಕೆ ಮೂರು ಕಿಲೋಮೀಟರಿಗೂ ಮಿಗಿಲಾಗಿ ಇಳಿದಿತ್ತು. ಸುಮಾರು 120 ವರ್ಷಗಳ ಅವಧಿಯಲ್ಲಿ ಈ ಪ್ರದೇಶದ ಗಣಿಗಳೆಲ್ಲ ಸೇರಿ ಕೊಟ್ಟ ಚಿನ್ನ ಸುಮಾರು 800 ಟನ್ನು. ಆಳದ ಲೆಕ್ಕ, ಚಿನ್ನದ ಲೆಕ್ಕ ಎರಡನ್ನೂ ಜನ ಬೆರಗಿನಿಂದ ಕೇಳುತ್ತಾರೆ. ಆ ಆಳಕ್ಕೆ ಇಳಿದು, ದುಡಿದು, ಮೇಲಕ್ಕೆ ಬಂದವರು ಬೆನ್ನು ಚಾಚುತ್ತಿದ್ದ ಜಾಗದ ಉದ್ದಗಲವೆಷ್ಟು ಎಂದು ಕೇಳುವವರು ಮಾತ್ರ ವಿರಳ.

ಇಂದು ನಗರಗಳಲ್ಲಿ ಮನೆಯೆಂದರೆ ಬಹುಮಂದಿಗೆ ಎರಡು ಕೋಣೆಯ ಅಪಾರ್ಟ್‌ಮೆಂಟು. ಮಂಚ, ಕಪಾಟು, ಸೋಫಾ, ಟೀವಿ ಇವಿಷ್ಟನ್ನು ತಂದಿರಿಸಿದರೆ ಮನುಷ್ಯರು ಓಡಾಡಲು ಎಡೆಯಿಲ್ಲ. ನೆಂಟರು ಬಂದರೆ ಸಂತೋಷಕ್ಕಿಂತ ಮೊದಲು ಚಿಂತೆ ಹುಟ್ಟುತ್ತದೆ. ಇಂತಹ ಸಂಸಾರಗಳಿಗೆ ಚಿನ್ನದ ಗಣಿಯ ಲೈನು ಮನೆಗಳ ಕಥೆ ಹೇಳಬೇಕಾದದ್ದು ಬಹಳವಿದೆ. ಅಲ್ಲಿ ತಲೆಮಾರುಗಳ ಕಾಲ ಸಾವಿರಾರು ಕುಟುಂಬಗಳು ಒಂದೋ ಎರಡೋ ಕೋಣೆಗಳಲ್ಲಿ ಮದುವೆ ಮುಂಜಿ ಮಾಡಿವೆ, ಬಾಣಂತನ ನಡೆಸಿವೆ, ಮಕ್ಕಳನ್ನು ಓದಿಸಿವೆ. ಅದು ಹೇಗೆ ಸಾಧ್ಯವಾಯಿತು, ಎಲ್ಲಿ ಅಸಾಧ್ಯವಾಯಿತು ಎಂಬೆರಡನ್ನೂ ತಿಳಿದುಕೊಳ್ಳುವುದು ಉಪಯುಕ್ತ.

ಲೈನುಗಳು ಎದ್ದ ಬಗೆ

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪೆನಿ ಇಲ್ಲಿನ ಗಣಿಗಳ ಆಡಳಿತಕ್ಕೆ ಕೈಹಾಕಿತು. ಅಂದು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ 1894ರಲ್ಲಿ ರೈಲು ಬಂತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ಗಣಿಯ ಯಂತ್ರಗಳಿಗೆ ವಿದ್ಯುತ್ತನ್ನು ತಂದರು. ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಕೊಳವೆಗಳಲ್ಲಿ ನೀರು ಹರಿಯಿತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಇಲ್ಲಿ ದುಡಿಯುತ್ತಿದ್ದವರ ಸಂಖ್ಯೆ 30 ಸಾವಿರವನ್ನು ಮೀರಿತ್ತು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳಿಂದ ಬಂದ ತಮಿಳು, ತೆಲುಗು ಮಾತಿನ ಜನರೇ ಅವರಲ್ಲಿ ಹೆಚ್ಚು. ದಲಿತ ಕುಟುಂಬಗಳು ಬಹುಸಂಖ್ಯೆಯಲ್ಲಿದ್ದುವು.

ಯಂತ್ರಕ್ಕೆ ದೊರೆತ ಆದರ ಮನೆಗೆ ದೊರೆಯಲಿಲ್ಲ. ದಿಣ್ಣೆಗಳ ಮೇಲೆ ಯುರೋಪಿಯನ್ ಅಧಿಕಾರಿಗಳ ಬಂಗಲೆಗಳು, ತೋಟ, 1885ರಿಂದ ನಡೆದುಬಂದ ಕ್ಲಬ್ಬು ಇವೆಲ್ಲ ಸೇರಿ ಊರಿಗೆ 'ಪುಟ್ಟ ಇಂಗ್ಲೆಂಡು' ಎಂಬ ಹೆಸರನ್ನು ತಂದುಕೊಟ್ಟವು. ತಗ್ಗಿನಲ್ಲಿ ಕೂಲಿಗಾರರ ಲೈನುಗಳು. ಮೊದಮೊದಲು ಅವು ಬಿದಿರಿನ ತಟ್ಟಿಗಳನ್ನು ನಿಲ್ಲಿಸಿ ಹುಲ್ಲು ಹೊದಿಸಿದ ಗುಡಿಸಲುಗಳು. ಕಾಲಕ್ರಮದಲ್ಲಿ ತಟ್ಟಿಯ ಬದಲು ಗಟ್ಟಿ ಗೋಡೆ, ಹುಲ್ಲಿನ ಬದಲು ತಗಡು ಹೆಂಚುಗಳು ಬಂದುವು. ಒಂದೇ ಮಾಡಿನ ಕೆಳಗೆ ಸಾಲಾಗಿ ಮನೆಗಳು, ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ, ಬೀದಿಗೊಂದು ನಲ್ಲಿ ಎಂಬ ಏರ್ಪಾಡು ಹಾಗೆಯೇ ಉಳಿಯಿತು. ಬೆಂಗಳೂರಿನ ವಠಾರವನ್ನು ಕಂಡವರಿಗೆ ಲೈನು ಮನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊತ್ತು ಹಂಚಿದರೆ ಜಾಗ ಹುಟ್ಟುತ್ತದೆ

ದೊಡ್ಡ ಮನೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ. ಲೈನು ಮನೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಹೊತ್ತು. ಲೈನು ಮನೆಯ ಪಾಠದ ತಿರುಳು ಇಷ್ಟೇ.

ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು ಇರುವ ಒಂದು ಸಂಸಾರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಕೋಣೆಯ ಉದ್ದ ಹತ್ತಡಿ, ಅಗಲ ಹತ್ತಡಿ. ನಸುಕಿನಲ್ಲಿ ಅದು ಅಡಿಗೆಮನೆ. ಮಕ್ಕಳು ಎದ್ದು ಚಾಪೆ ಸುತ್ತಿಟ್ಟ ಮೇಲೆ ಅದೇ ಊಟದ ಮನೆ. ಎಲ್ಲರೂ ಹೊರಟ ಬಳಿಕ ಅಕ್ಕಿ ಆರಿಸುವ, ಬಟ್ಟೆ ಹೊಲಿಯುವ ಕಾರ್ಯಾಲಯ. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳ ಪಾಠಶಾಲೆ. ರಾತ್ರಿ ಶಯನಗೃಹ. ನೂರು ಚದರಡಿಯ ಆ ನೆಲವು ದಿನಕ್ಕೆ ಐದು ಬಾರಿ ಹೆಸರು ಬದಲಾಯಿಸುವುದರಿಂದ ಐನೂರು ಚದರಡಿಯ ಕೆಲಸವನ್ನು ಮಾಡುತ್ತದೆ.

ಗಣಿಯಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಪಾಳಿಯ ಮೇಲೆ ಕೆಲಸ ನಡೆಯುತ್ತಿತ್ತು. ಪಾಳಿ ಬದಲಾಗುವ ಸೈರನ್ನಿನ ಕೂಗು ಇಡೀ ಊರಿಗೆ ಗಡಿಯಾರ. ಯಜಮಾನನಿಗೆ ರಾತ್ರಿ ಪಾಳಿ ಬಿದ್ದ ವಾರ ಮನೆಯ ದಿನಚರಿಯೇ ತಲೆಕೆಳಗು. ಅವನು ಬೆಳಗಿನಲ್ಲಿ ಬಂದು ಮಲಗುವ ಹೊತ್ತಿಗೆ ಅಡಿಗೆ ಮುಗಿದಿರಬೇಕು, ಒಲೆಯ ಹೊಗೆ ಆರಿರಬೇಕು, ಮಕ್ಕಳು ಮನೆಯಿಂದ ಆಚೆ ಇರಬೇಕು. ಬೀಸುವುದು, ಕುಟ್ಟುವುದು, ತೊಳೆಯುವುದು ಎಲ್ಲವೂ ಜಗಲಿಗೆ ವರ್ಗವಾಗುತ್ತವೆ. ರಾತ್ರಿ ಅವನಿಲ್ಲದಾಗ ಉಳಿದವರಿಗೆ ಮಲಗಲು ಒಬ್ಬ ಮನುಷ್ಯನಷ್ಟು ಜಾಗ ಹೆಚ್ಚು ದೊರೆಯುತ್ತದೆ. ಇದಕ್ಕೆ ಕೊಟ್ಟ ಬೆಲೆ ಹಗಲು ನಿದ್ದೆಯ ಅರೆಮಂಪರು, ಹೆಂಗಸಿಗೆ ಬಿಡುವಿಲ್ಲದ ದುಡಿಮೆ ಎಂಬುದನ್ನು ಮರೆಯಬಾರದು.

ಈಗಿನ ಸ್ಥಿತಿ ಬೇರೆ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿದ್ದ ಗಣಿಗಳು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಕೈಯಲ್ಲಿದ್ದಾಗ, 2001ರ ಫೆಬ್ರವರಿ 28ರಂದು ಮುಚ್ಚಿದುವು. ಪಾಳಿಗಳು ಹೋಗಿ ರೈಲು ಬಂತು. ಮಾರಿಕುಪ್ಪ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಿಂದ ಸಾವಿರಾರು ಜನ ದಿನವೂ ಬಂಗಾರಪೇಟೆಯ ಮೇಲೆ ಹಾದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೇ ಸುಮಾರು 70 ಕಿಲೋಮೀಟರು. ಹೀಗಾಗಿ ಮನೆ ಹಗಲೆಲ್ಲ ಬರಿದು. ನಸುಕಿನ ಒಂದು ಗಂಟೆ, ರಾತ್ರಿಯ ಒಂದೆರಡು ಗಂಟೆ ಮಾತ್ರ ನೂಕುನುಗ್ಗಲು. ಬಚ್ಚಲು ಒಂದು, ಕನ್ನಡಿ ಒಂದು, ಒಲೆ ಒಂದು; ರೈಲಿಗೆ ಓಡುವವರು ಮೂವರು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೆಳಗೂ ಇದಕ್ಕಿಂತ ಭಿನ್ನವಲ್ಲ.

ಆದುದರಿಂದ ಇಕ್ಕಟ್ಟನ್ನು ನಿವಾರಿಸಬೇಕೆನ್ನುವ ಗೃಹಿಣಿ ಮೊದಲು ಅಳೆಯಬೇಕಾದದ್ದು ಗೋಡೆಯನ್ನಲ್ಲ, ಹೊತ್ತನ್ನು. ಯಾವ ಗಳಿಗೆಯಲ್ಲಿ ಯಾರು ಎಲ್ಲಿ ಒಬ್ಬರಿಗೊಬ್ಬರು ಅಡ್ಡವಾಗುತ್ತಾರೆ ಎಂದು ಒಂದು ವಾರ ಗಮನಿಸಿ ಬರೆದಿಟ್ಟರೆ ಸಾಕು. ಸ್ನಾನವನ್ನು ಒಬ್ಬರು ರಾತ್ರಿಗೆ ಬದಲಾಯಿಸಿಕೊಂಡರೆ, ಕನ್ನಡಿಯನ್ನು ಬಚ್ಚಲಿನಿಂದ ತೆಗೆದು ಹೊರಗೋಡೆಗೆ ಹಾಕಿದರೆ, ನಾಳಿನ ಬುತ್ತಿಗೆ ಬೇಕಾದ ತರಕಾರಿಯನ್ನು ಹಿಂದಿನ ರಾತ್ರಿಯೇ ಹೆಚ್ಚಿಟ್ಟರೆ, ಒಂದು ಇಟ್ಟಿಗೆಯನ್ನೂ ಕದಲಿಸದೆ ಮನೆ ಹಿಗ್ಗುತ್ತದೆ.

ಮಂಚದ ಲೆಕ್ಕ

ಆರಡಿ ಉದ್ದ, ನಾಲ್ಕಡಿ ಅಗಲದ ಒಂದು ಮಂಚ 24 ಚದರಡಿ ನೆಲವನ್ನು ನುಂಗುತ್ತದೆ. ಹತ್ತಡಿಯ ಕೋಣೆಯಲ್ಲಿ ಅದು ಹತ್ತಿರ ಹತ್ತಿರ ಕಾಲುಭಾಗ. ಉಪಯೋಗವಾಗುವುದು ಎಂಟು ಗಂಟೆ. ಮಿಕ್ಕ ಹದಿನಾರು ಗಂಟೆ ಆ ನೆಲ ಬಂದಿಯಾಗಿರುತ್ತದೆ. ಐದು ಚಾಪೆಗಳನ್ನು ಸುತ್ತಿ ಮೂಲೆಯಲ್ಲಿ ನಿಲ್ಲಿಸಿದರೆ ತಗಲುವುದು ಎರಡು ಚದರಡಿಯೂ ಇಲ್ಲ. ನಮ್ಮ ಹಿರಿಯರು ಚಾಪೆಯ ಮೇಲೆ ಮಲಗಿದ್ದು ಬಡತನದಿಂದ ಮಾತ್ರವೇ ಅಲ್ಲ, ಲೆಕ್ಕಾಚಾರದಿಂದಲೂ ಹೌದು. ಜಪಾನಿನಲ್ಲಿ ಉಳ್ಳವರೂ ನೆಲದ ಮೇಲೆ ಹಾಸಿಗೆ ಹಾಸಿ ಮಲಗಿ, ಬೆಳಗಾದೊಡನೆ ಅದನ್ನು ಮಡಿಸಿ ಗೋಡೆಯೊಳಗಿನ ಗೂಡಿಗೆ ಸೇರಿಸುವ ಪದ್ಧತಿ ಉಂಟು.

ವಯಸ್ಸಾದವರಿಗೆ, ಮಂಡಿನೋವಿನವರಿಗೆ ನೆಲದಿಂದ ಏಳುವುದು ಕಷ್ಟ. ಅವರಿಗೆ ಮಂಚ ಬೇಕೇ ಬೇಕು. ಹಾಗಿದ್ದಲ್ಲಿ ಮಂಚದ ಕಾಲುಗಳ ಕೆಳಗೆ ಭದ್ರವಾದ ಮರದ ದಿಮ್ಮಿಗಳನ್ನಿಟ್ಟು ಅರ್ಧ ಅಡಿ ಎತ್ತರಿಸಬೇಕು. ಕೆಳಗೆ ಎರಡು ಟ್ರಂಕು, ಒಂದು ಅಕ್ಕಿಯ ಡಬ್ಬ, ಹಬ್ಬಕ್ಕೆ ಮಾತ್ರ ಬೇಕಾಗುವ ದೊಡ್ಡ ಪಾತ್ರೆಗಳು ಹಿಡಿಯುತ್ತವೆ. ಮಂಚವೇ ಕಪಾಟಾದರೆ ನುಂಗಿದ ನೆಲವನ್ನು ಅದು ಹಿಂದಕ್ಕೆ ಕೊಟ್ಟಂತೆ. ಹಗಲಿನಲ್ಲಿ ಅದರ ಮೇಲೆ ಜಮಖಾನ ಹಾಸಿದರೆ ಬಂದವರಿಗೆ ಕೂರಲು ಆಸನ. ಸೋಫಾದ ಗೊಡವೆಯೇ ಇಲ್ಲ.

ಗೋಡೆಯಲ್ಲಿ ಅಡಗಿದ ಮನೆ

ಹತ್ತಡಿ ಚದರದ ಕೋಣೆಯ ಗೋಡೆ ಒಂಬತ್ತಡಿ ಎತ್ತರವಿದ್ದರೆ ನಾಲ್ಕು ಗೋಡೆಗಳ ವಿಸ್ತಾರ 360 ಚದರಡಿ. ನೆಲದ ಮೂರೂವರೆ ಪಾಲಿಗಿಂತ ಹೆಚ್ಚು. ಬಾಗಿಲು ಕಿಟಕಿಗಳಿಗೆ ಬಿಟ್ಟರೂ ಮಿಗುವುದು ಧಾರಾಳ. ಬಾಗಿಲಿರುವ ಗೋಡೆಯನ್ನು ಬಿಟ್ಟು ಉಳಿದ ಮೂರು ಗೋಡೆಗಳಿಗೆ ಏಳಡಿ ಎತ್ತರದಲ್ಲಿ ಒಂದಡಿ ಅಗಲದ ಹಲಗೆಯನ್ನು ಸುತ್ತ ಹೊಡೆಸಿದರೆ 28 ಚದರಡಿ ಜಾಗ ದೊರೆಯುತ್ತದೆ. ಮಂಚ ನುಂಗಿದ್ದಕ್ಕಿಂತ ನಾಲ್ಕು ಚದರಡಿ ಹೆಚ್ಚು. ಯಾರ ತಲೆಗೂ ತಗಲುವುದಿಲ್ಲ.

ಇದೇನೂ ಹೊಸ ಶೋಧನೆಯಲ್ಲ. ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಗೋಡೆಗೆ ಹೊಡೆದ ಈ ಹಲಗೆಗೆ ನಾಗಂದಿಗೆ ಎಂಬ ಚಂದದ ಹೆಸರಿದೆ. ಗೋಡೆಯ ದಪ್ಪದಲ್ಲಿಯೇ ತೆಗೆದ ಗೂಡಿನಲ್ಲಿ ದೀಪ, ದೇವರು, ಪುಸ್ತಕ. ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು ಮೊಸರು. ಬೆಕ್ಕಿಗೂ ಎಟುಕದು, ನೆಲವೂ ಖರ್ಚಾಗದು. ಇನ್ನೊಂದು ತೊಲೆಯಿಂದ ಮಗುವಿನ ತೊಟ್ಟಿಲು. ಮಗು ಎದ್ದ ಮೇಲೆ ಅದನ್ನು ಮೇಲಕ್ಕೆತ್ತಿ ಕಟ್ಟಿಬಿಡಬಹುದು. ಹಗ್ಗದಲ್ಲಿ ತೂಗುಬಿಟ್ಟ ಗಳುವಿನ ಮೇಲೆ ಬಟ್ಟೆ. ಒಂದರ ಮೇಲೊಂದು ಏರಿಸಿದ ಅಡಕಲು ಗಡಿಗೆಗಳಲ್ಲಿ ಬೇಳೆ, ಹುಣಿಸೆ, ಬೆಲ್ಲ, ಉಪ್ಪು. ಅಗಲಕ್ಕೆ ಹರಡಬೇಕಾದದ್ದನ್ನು ಎತ್ತರಕ್ಕೆ ಏರಿಸುವ ಈ ಜಾಣ್ಮೆಯೇ ಗಣಿಗೆ ಹೋಗುವವನ ಕೈಯ ಟಿಫಿನ್ ಕ್ಯಾರಿಯರಿನಲ್ಲಿಯೂ ಇದೆ.

ಇಂದಿನ ಅಪಾರ್ಟ್‌ಮೆಂಟಿನಲ್ಲಿ ತೊಲೆಯಿಲ್ಲದಿದ್ದರೂ ಗೋಡೆಯಿದೆ. ಬಾಗಿಲ ಹಿಂಬದಿ, ಬಾಗಿಲ ಮೇಲಿನ ಅಟ್ಟ, ಕಿಟಕಿಯ ಕೆಳಗಿನ ಮೂರಡಿ, ಅಡಿಗೆ ಕಟ್ಟೆಯ ಅಡಿ ಇವೆಲ್ಲ ಸಾಮಾನ್ಯವಾಗಿ ವ್ಯರ್ಥವಾಗುವ ಜಾಗಗಳು. ದಿನವೂ ಬೇಕಾದದ್ದು ಸೊಂಟದಿಂದ ಕಣ್ಣಿನ ಎತ್ತರದೊಳಗೆ, ವಾರಕ್ಕೊಮ್ಮೆ ಬೇಕಾದದ್ದು ಕೆಳಗೆ, ವರ್ಷಕ್ಕೊಮ್ಮೆ ಬೇಕಾದದ್ದು ಮೇಲೆ ಎಂಬುದೊಂದೇ ನಿಯಮ. ಭಾರವಾದ ವಸ್ತುಗಳನ್ನು ಮಾತ್ರ ಎಂದಿಗೂ ಮೇಲಿಡಬಾರದು. ಆಳದ ಗಣಿಯಲ್ಲಿ ರಾಕ್ ಬರ್ಸ್ಟ್ ಎನ್ನುವ ಬಂಡೆಯ ಸಿಡಿತವಾದಾಗ ಮೇಲಿನ ಮನೆಗಳೂ ನಡುಗುತ್ತಿದ್ದ ಊರಿನಲ್ಲಿ ಈ ಎಚ್ಚರಿಕೆಯ ಅರ್ಥ ಬೇಗ ತಿಳಿಯುತ್ತದೆ; ಉಳಿದ ಕಡೆ ಎಟುಕಲು ಹೋದ ಮಗುವೇ ಭೂಕಂಪವನ್ನು ತರಬಲ್ಲದು.

ರೈಲಿನ ಅಡಿಗೆಮನೆ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಂತು ಹೋಗುವ ರೈಲುಗಳಲ್ಲಿ ಅಡಿಗೆಯ ಡಬ್ಬಿಯನ್ನು ಇಣುಕಿ ನೋಡಿದವರಿಗೆ ಆಶ್ಚರ್ಯವಾಗದಿರದು. ಕೈಚಾಚಿದರೆ ಎರಡೂ ಗೋಡೆ ತಗಲುವಂತಹ ಓಣಿಯಲ್ಲಿ ನೂರಾರು ಜನರಿಗೆ ಬೇಯಿಸುತ್ತಾರೆ. ಇದನ್ನು ಮನೆಗೆ ತಂದ ಕೀರ್ತಿ ಆಸ್ಟ್ರಿಯಾ ದೇಶದ ವಾಸ್ತುಶಿಲ್ಪಿ ಮಾರ್ಗರೆಟ್ ಶ್ಯೂಟೆ-ಲಿಹೋಟ್ಸ್ಕಿ ಎಂಬ ಮಹಿಳೆಯದು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕೆಲಸಗಾರರಿಗಾಗಿ ಮನೆಗಳನ್ನು ಕಟ್ಟಿಸುತ್ತಿದ್ದಾಗ, 1926ರಲ್ಲಿ, ಆಕೆ ರೈಲಿನ ಊಟದ ಬೋಗಿಯ ಅಡಿಗೆಮನೆಯನ್ನು ಮಾದರಿಯಾಗಿಟ್ಟುಕೊಂಡು ಒಂದು ಅಡಿಗೆಮನೆಯನ್ನು ರಚಿಸಿದರು. ಅದರ ಅಗಲ ಸುಮಾರು ಆರಡಿ, ಉದ್ದ ಸುಮಾರು ಹನ್ನೊಂದಡಿ. ಹೆಂಗಸು ಅಡಿಗೆ ಮಾಡುವಾಗ ಎಷ್ಟು ಹೆಜ್ಜೆ ನಡೆಯುತ್ತಾಳೆಂದು ಅಳೆದು, ಆ ಹೆಜ್ಜೆಗಳನ್ನು ಕಡಿಮೆ ಮಾಡುವಂತೆ ಒಲೆ, ತೊಟ್ಟಿ, ಡಬ್ಬಗಳ ಸ್ಥಾನವನ್ನು ಗೊತ್ತುಮಾಡಿದರು. ಅಂತಹ ಸುಮಾರು 10 ಸಾವಿರ ಅಡಿಗೆಮನೆಗಳು ಆ ನಗರದಲ್ಲಿ ಎದ್ದುವು. ಇಂದಿನ ಅಪಾರ್ಟ್‌ಮೆಂಟುಗಳ ಅಡಿಗೆ ಕಟ್ಟೆಗಳಿಗೆಲ್ಲ ಅದು ಅಜ್ಜಿ ಇದ್ದಂತೆ.

ತೊಳೆಯುವುದು, ಹೆಚ್ಚುವುದು, ಬೇಯಿಸುವುದು ಈ ಮೂರೂ ಅದೇ ಅನುಕ್ರಮದಲ್ಲಿ, ತಿರುಗಿದರೆ ಎಟುಕುವಷ್ಟರಲ್ಲಿ ಇದ್ದರೆ ಚಿಕ್ಕ ಅಡಿಗೆಮನೆಯೇ ದೊಡ್ಡದಕ್ಕಿಂತ ಮೇಲು. ಗ್ಯಾಸಿನ ವಿಷಯದಲ್ಲಿ ಮಾತ್ರ ಜಾಗ ಉಳಿಸುವ ಆಸೆ ಕೂಡದು. ಅಡಿಗೆ ಅನಿಲವು ಗಾಳಿಗಿಂತ ಭಾರ; ಸೋರಿದರೆ ನೆಲದಲ್ಲಿ ತಂಗುತ್ತದೆ. ಆದುದರಿಂದ ಸಿಲಿಂಡರನ್ನು ಸದಾ ನಿಲ್ಲಿಸಿಯೇ ಇಡಬೇಕು. ಕಪಾಟಿನೊಳಗೆ ಇಡುವುದಾದರೆ ಅದರ ಬಾಗಿಲಿಗೆ ಕೆಳಗೂ ಮೇಲೂ ಗಾಳಿಯ ಕಂಡಿ ಇರಬೇಕು. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು.

ಗಾಳಿಯನ್ನು ಮಡಿಸಿಡಲಾಗದು

ಹಾಸಿಗೆಯನ್ನು ಮಡಿಸಬಹುದು, ಪಾತ್ರೆಯನ್ನು ಪೇರಿಸಬಹುದು. ಗಾಳಿಗೆ ಈ ಯಾವ ಉಪಾಯವೂ ಇಲ್ಲ. ಚಿನ್ನದ ಗಣಿಯ ಚರಿತ್ರೆಯಲ್ಲಿ ಇದರ ಕಹಿ ಸಾಕ್ಷ್ಯವಿದೆ. ಕಲ್ಲಿನ ಧೂಳು ಶ್ವಾಸಕೋಶಗಳನ್ನು ಗಟ್ಟಿಮಾಡುವ ಸಿಲಿಕೋಸಿಸ್ ಎಂಬ ವ್ಯಾಧಿಯು ಭಾರತದಲ್ಲಿ ಮೊತ್ತಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಪರೀಕ್ಷೆಗೊಳಗಾದ ಕೆಲಸಗಾರರಲ್ಲಿ ನೂರಕ್ಕೆ 43.7 ಮಂದಿಗೆ ಅದು ತಗಲಿತ್ತು. ಈ ವ್ಯಾಧಿಯುಳ್ಳವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಗಣಿಯ ಧೂಳನ್ನು ಎದೆಯಲ್ಲಿ ಹೊತ್ತು ಬಂದವನು ಸೌದೆಯ ಹೊಗೆ ತುಂಬಿದ ಮುಚ್ಚಿದ ಕೋಣೆಯಲ್ಲಿ ಕೆಮ್ಮುತ್ತ ಮಲಗಿದರೆ, ಪಕ್ಕದಲ್ಲಿ ಮಲಗಿದ ಎಳೆಯ ಮಕ್ಕಳ ಪಾಡೇನು? ಜಾಗದ ಪ್ರಶ್ನೆ ಇಲ್ಲಿ ಅಂದಚೆಂದದ ಪ್ರಶ್ನೆಯಾಗಿ ಉಳಿಯದೆ ಆಯುಷ್ಯದ ಪ್ರಶ್ನೆಯಾಗುತ್ತದೆ.

ಗಣಿ ಮುಚ್ಚಿದ ಮೇಲೂ ಸಯನೈಡ್ ದಿಬ್ಬಗಳು ಉಳಿದುವು. ಅದಿರನ್ನು ಪುಡಿಮಾಡಿ, ಸಯನೈಡಿನ ದ್ರಾವಣದಲ್ಲಿ ಚಿನ್ನವನ್ನು ತೆಗೆದ ಬಳಿಕ ಸುರಿದ ನುಣುಪು ಮಣ್ಣು 3 ಕೋಟಿ ಟನ್ನಿಗೂ ಮೀರಿ ಬೆಟ್ಟಗಳಾಗಿ ನಿಂತಿದೆ. ಗಾಳಿ ಬೀಸುವ ತಿಂಗಳುಗಳಲ್ಲಿ ಅದರ ಧೂಳು ಮನೆಗಳಿಗೆ ನುಗ್ಗುತ್ತದೆ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಉಸಿರುಕಟ್ಟು. ಇಂತಹ ಕಡೆ ದಿಬ್ಬಕ್ಕೆ ಬೆನ್ನುಮಾಡಿದ ಕಿಟಕಿಯನ್ನು ತೆರೆದಿಟ್ಟು, ದಿಬ್ಬದ ಕಡೆಯದಕ್ಕೆ ಒದ್ದೆ ಬಟ್ಟೆಯ ಪರದೆಯನ್ನು ಕಟ್ಟುವುದು, ಪೊರಕೆಯ ಬದಲು ಒದ್ದೆ ಅರಿವೆಯಿಂದ ನೆಲ ಒರಸುವುದು, ತೆರೆದ ಹಲಗೆಗಿಂತ ಮುಚ್ಚಳವುಳ್ಳ ಡಬ್ಬಗಳನ್ನು ಬಳಸುವುದು ಲೇಸು. ದಿಬ್ಬಕ್ಕೆ ಹಸಿರು ಹೊದಿಸಿ ಧೂಳನ್ನು ತಡೆಯುವುದು ಗೃಹಿಣಿಯ ಕೈಯಲ್ಲಿಲ್ಲ. ಅದು ಆಳುವವರ ಕೆಲಸ.

ಇಂದಿನ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಂದೇ ವಾಸದ ಕೋಣೆಯಿರುವ ಮನೆಯಲ್ಲಿ ಆ ಕೋಣೆ 9.5 ಚದರ ಮೀಟರಿಗೆ, ಎಂದರೆ ಸುಮಾರು 102 ಚದರಡಿಗೆ, ಕಡಿಮೆಯಿರಕೂಡದು, ಅಗಲ 2.4 ಮೀಟರಿಗೆ ಕಡಿಮೆಯಿರಕೂಡದು. ಹತ್ತಡಿ ಚದರದ ಕೋಣೆ ಈ ಕನಿಷ್ಠ ಅಳತೆಗೂ ಎರಡು ಚದರಡಿ ಕೊರತೆ. ಬೆಳಕು ಗಾಳಿಯ ತೆರಪು ಒಣ ಸೆಕೆಯ ಪ್ರದೇಶದಲ್ಲಿ ನೆಲದ ಹತ್ತರಲ್ಲೊಂದು ಪಾಲಾದರೂ ಇರಬೇಕು. ನೂರು ಚದರಡಿಯ ಕೋಣೆಗೆ ಹತ್ತು ಚದರಡಿಯ ಕಿಟಕಿ. ಕಪಾಟಿಗೆ ಬೇರೆ ಗೋಡೆಯಿಲ್ಲವೆಂದು ಆ ಕಿಟಕಿಗೆ ಅಡ್ಡಲಾಗಿ ಅದನ್ನು ನಿಲ್ಲಿಸುವವರು ಸಾಮಾನನ್ನು ಉಳಿಸಿ ಉಸಿರನ್ನು ಮಾರಿಕೊಂಡಂತೆ.

ಪ್ರತಿಯೊಬ್ಬರಿಗೂ ಒಂದು ಮೂಲೆ

ಇಕ್ಕಟ್ಟಿನ ಮನೆಯಲ್ಲಿ ಮೊದಲು ಸವೆಯುವುದು ತಾಳ್ಮೆ. ಹಗಲಿರುಳು ಒಬ್ಬರ ಕಣ್ಣೆದುರಿಗೆ ಒಬ್ಬರಿದ್ದರೆ ಸಣ್ಣ ಮಾತೂ ದೊಡ್ಡದಾಗುತ್ತದೆ. ಅತ್ತೆ ಸೊಸೆಯರ ಎಷ್ಟೋ ಜಗಳಗಳಿಗೆ ಸ್ವಭಾವಕ್ಕಿಂತ ಒಂದು ಗೂಡಿನ ಅಭಾವವೇ ಕಾರಣ. ಆದುದರಿಂದ ಎಷ್ಟೇ ಚಿಕ್ಕ ಮನೆಯಾದರೂ ಪ್ರತಿಯೊಬ್ಬರಿಗೂ ಇತರರು ಮುಟ್ಟದ ಒಂದು ಜಾಗವಿರಬೇಕು. ಅತ್ತೆಗೆ ಅಡಿಕೆಲೆ ತಟ್ಟೆ, ಔಷಧಿ, ಕನ್ನಡಕ ಇಟ್ಟುಕೊಳ್ಳುವ ಗೂಡು. ಮಗನಿಗೆ ಪುಸ್ತಕದ ಹಲಗೆ. ಮಗಳಿಗೆ ಬೀಗವಿರುವ ಒಂದು ಚಿಕ್ಕ ಟ್ರಂಕು. ಸೊಸೆಗೆ ತವರಿನಿಂದ ಬಂದ ಕಾಗದಗಳನ್ನು ಇಟ್ಟುಕೊಳ್ಳುವ ಪೆಟ್ಟಿಗೆ. ಇವೆಲ್ಲ ಸೇರಿ ನಾಲ್ಕು ಚದರಡಿಯನ್ನು ಮೀರುವುದಿಲ್ಲ. ಮನೆಯ ನೆಮ್ಮದಿಗೆ ಅವು ಮಾಡುವ ಉಪಕಾರ ದೊಡ್ಡದು.

ಹೊಸದಾಗಿ ಮದುವೆಯಾದವರಿಗೆ, ಬಾಣಂತಿಗೆ, ಪರೀಕ್ಷೆಗೆ ಓದುವ ಹುಡುಗನಿಗೆ ಮರೆ ಬೇಕಾಗುತ್ತದೆ. ಗೋಡೆ ಕಟ್ಟಿದರೆ ಎರಡು ಕತ್ತಲ ಕೋಣೆಗಳಾಗುತ್ತವೆ. ಹಳೆಯ ಸೀರೆಯನ್ನು ಸರಿಗೆಯ ಮೇಲೆ ಇಳಿಬಿಟ್ಟರೆ ಬೇಕಾದಾಗ ಗೋಡೆ, ಬೇಡವಾದಾಗ ಮಡಿಕೆ. ಪರದೆಯನ್ನು ಸೂರಿನವರೆಗೆ ಎಳೆಯದೆ ಮೇಲೆ ಒಂದೂವರೆ ಅಡಿ ಬಿಟ್ಟರೆ ಗಾಳಿಗೂ ಬೆಳಕಿಗೂ ತಡೆಯಿಲ್ಲ.

ಹೊಸ್ತಿಲಿನ ಆಚೆ

ಲೈನು ಮನೆಯ ಅಳತೆ ಹೊಸ್ತಿಲಿಗೆ ಮುಗಿಯುವುದಿಲ್ಲ. ಜಗಲಿ ಅದರ ದಿವಾನಖಾನೆ, ಬೀದಿ ಅದರ ಅಂಗಳ. ಹಪ್ಪಳ ಒಣಗಿಸುವುದು, ಮಕ್ಕಳಿಗೆ ತಲೆ ಬಾಚುವುದು, ಮುದುಕರು ಬಿಸಿಲು ಕಾಯುವುದು ಎಲ್ಲವೂ ಅಲ್ಲಿಯೇ. ಒಂದು ಮನೆಯಲ್ಲಿ ಮದುವೆಯಾದರೆ ಸಾಲಿನ ಎಲ್ಲ ಮನೆಗಳ ಜಗಲಿಯೂ ನೆಂಟರಿಗೆ ಬಿಡಾರ. ತಮಿಳು ಮನೆಯ ಒರಳು, ತೆಲುಗು ಮನೆಯ ಏಣಿ, ಕನ್ನಡ ಮನೆಯ ಹಂಡೆ ಬೀದಿಗೆಲ್ಲ ಸೇರಿದ್ದು ಎಂಬಂತೆ ಬಾಳಿದರೆ ಪ್ರತಿ ಮನೆಯಲ್ಲಿಯೂ ಆ ಮೂರನ್ನು ಇಡುವ ಜಾಗ ಉಳಿಯುತ್ತದೆ.

ಅಪಾರ್ಟ್‌ಮೆಂಟಿನವರು ಈ ಮಾತನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಇಪ್ಪತ್ತು ಮನೆಗಳಿರುವ ಕಟ್ಟಡದಲ್ಲಿ ಇಪ್ಪತ್ತು ಏಣಿ, ಇಪ್ಪತ್ತು ಡ್ರಿಲ್ಲಿಂಗ್ ಯಂತ್ರ, ಇಪ್ಪತ್ತು ಮನೆಯ ಹಬ್ಬದ ದೊಡ್ಡ ಪಾತ್ರೆಗಳು ಏತಕ್ಕೆ? ನಾಲ್ಕು ಮನೆಯವರು ಮಾತಾಡಿಕೊಂಡರೆ ನಾಲ್ಕು ಅಟ್ಟಗಳು ಹಗುರಾಗುತ್ತವೆ. ಆದರೆ ಮೆಟ್ಟಿಲ ಬಳಿಯ ಓಣಿಯಲ್ಲಿ ಚಪ್ಪಲಿ ಗೂಡು, ಸೈಕಲ್ಲು, ಹಳೆಯ ಕುರ್ಚಿಗಳನ್ನು ಒಟ್ಟುವುದು ಹಂಚಿಕೊಳ್ಳುವಿಕೆಯಾಗಲಾರದು. ಬೆಂಕಿ ಬಿದ್ದ ದಿನ ಎಲ್ಲರೂ ಓಡಬೇಕಾದ ದಾರಿ ಅದು.

ಜಾಣ್ಮೆಯ ಎಲ್ಲೆ

ಲೈನು ಮನೆಗಳ ಹೆಂಗಸರ ಜಾಣ್ಮೆಯನ್ನು ಹೊಗಳುವಾಗ ಒಂದು ಎಚ್ಚರ ಅಗತ್ಯ. ಇಕ್ಕಟ್ಟಿನಲ್ಲಿ ಅಚ್ಚುಕಟ್ಟಾಗಿ ಬಾಳಿದರೆಂದ ಮಾತ್ರಕ್ಕೆ ಇಕ್ಕಟ್ಟು ಒಳ್ಳೆಯದಾಗುವುದಿಲ್ಲ. ಬೀದಿಯ ನಲ್ಲಿಯಲ್ಲಿ ಸರತಿ ಕಾದು ನೀರು ಹೊತ್ತದ್ದು, ಕತ್ತಲಲ್ಲಿ ದೂರದ ಕಕ್ಕಸಿಗೆ ನಡೆದದ್ದು, ಹೊಗೆಯಲ್ಲಿ ಕಣ್ಣು ಉರಿಸಿಕೊಂಡದ್ದು ಯಾವ ನಾಗಂದಿಗೆಯಿಂದಲೂ ತೀರುವ ಕಷ್ಟಗಳಲ್ಲ.

ಇದಕ್ಕಿಂತ ದೊಡ್ಡ ಎಲ್ಲೆ ಮತ್ತೊಂದಿದೆ. ಲೈನು ಮನೆ ಕಂಪೆನಿಯದು. ಕೆಲಸವಿದ್ದಷ್ಟು ದಿನ ಸಂಸಾರಕ್ಕೆ ಸೂರು. ಗಣಿ ಮುಚ್ಚಿದಾಗ ಕೆಲಸ ಹೋದದ್ದು ಎಷ್ಟು ದೊಡ್ಡ ಆಘಾತವೋ ಮನೆ ಯಾರದೆಂಬ ಪ್ರಶ್ನೆ ಅಷ್ಟೇ ದೊಡ್ಡದಾಗಿ ಎದುರಿಗೆ ನಿಂತಿತು. ಅನೇಕ ಕುಟುಂಬಗಳು ಅದೇ ಮನೆಗಳಲ್ಲಿ ಉಳಿದುವು. ಮಕ್ಕಳು ದೊಡ್ಡವರಾದಂತೆ ಮುಂದಕ್ಕೊಂದು ಚಾಚು, ಹಿಂದಕ್ಕೊಂದು ತಗಡಿನ ಮಾಡು ಸೇರಿಸಿಕೊಂಡುವು. ಹಕ್ಕುಪತ್ರವಿಲ್ಲದ ಮನೆಗೆ ಗಟ್ಟಿ ಗೋಡೆ ಕಟ್ಟಲು ಯಾರಿಗೆ ಧೈರ್ಯ ಬಂದೀತು? ನಾಳೆ ಏಳಬೇಕಾಗುವುದೋ ಏನೋ ಎನ್ನುವವನು ನೆಲಕ್ಕೆ ಗಾರೆ ಹಾಕಿಸುವುದಿಲ್ಲ, ಕಿಟಕಿ ಒಡೆಸುವುದಿಲ್ಲ. ತಗಡನ್ನು ಹೊಂದಿಸಿ ದಿನ ತಳ್ಳುತ್ತಾನೆ. ಮನೆಯ ಹಕ್ಕಿಗಾಗಿ ಗಣಿಯ ಕುಟುಂಬಗಳು ವರ್ಷಾನುಗಟ್ಟಲೆ ಇಟ್ಟ ಬೇಡಿಕೆಯ ಒಳಗುಟ್ಟು ಇದೇ. ಚದರಡಿಯ ಕೊರತೆಯನ್ನು ಹೊತ್ತಿನ ಹಂಚಿಕೆ ತುಂಬಬಲ್ಲದು. ನಾಳೆಯ ಅಭಯವಿಲ್ಲದ ಕೊರತೆಯನ್ನು ಅದು ತುಂಬಲಾರದು.

ಅಪಾರ್ಟ್‌ಮೆಂಟನ್ನು ಕೊಳ್ಳಲೋ ಬಾಡಿಗೆಗೆ ಹಿಡಿಯಲೋ ಹೊರಟವರಿಗೆ ಇದರಿಂದ ಒಂದು ಅನುಕ್ರಮ ದೊರೆಯುತ್ತದೆ. ಮೊದಲು ಕಾಗದಪತ್ರ, ಅನಂತರ ಗಾಳಿ ಬೆಳಕು, ಬಳಿಕ ನೀರು, ಕಡೆಗೆ ಚದರಡಿ. ಎದುರುಬದುರು ಕಿಟಕಿಗಳಿರುವ ಚಿಕ್ಕ ಮನೆಯು ಒಂದೇ ಕಡೆ ಕಿಟಕಿಯಿರುವ ದೊಡ್ಡ ಮನೆಗಿಂತ ವಾಸಿ. ಜಗಲಿಯಷ್ಟಾದರೂ ಬಾಲ್ಕನಿ ಇದ್ದರೆ ಅದನ್ನು ಗಾಜಿನಿಂದ ಮುಚ್ಚಿ ಉಗ್ರಾಣ ಮಾಡದೆ ಬಿಡುವುದು ಜಾಣತನ. ಮನೆಗೆ ಹೊಸದೊಂದು ಸಾಮಾನು ತರುವ ಮುನ್ನ ಅದು ದಿನದಲ್ಲಿ ಎಷ್ಟು ಗಂಟೆ ಕೆಲಸಕ್ಕೆ ಬರುತ್ತದೆ, ಮಿಕ್ಕ ಗಂಟೆಗಳಲ್ಲಿ ಎಲ್ಲಿಗೆ ಸರಿಯುತ್ತದೆ ಎಂಬೆರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಎರಡನೆಯದಕ್ಕೆ ಉತ್ತರವಿಲ್ಲದ ಸಾಮಾನು ಅಂಗಡಿಯಲ್ಲಿಯೇ ಇರಲಿ.

ಚಿನ್ನದ ಗಣಿಯ ರಾಟೆಗಳು ನಿಂತು ಎರಡು ದಶಕಗಳು ಕಳೆದುವು. ಲೈನುಗಳಲ್ಲಿ ಮಾತ್ರ ಇಂದಿಗೂ ನಸುಕಿನಲ್ಲಿ ದೀಪ ಹೊತ್ತುತ್ತದೆ, ಚಾಪೆ ಸುತ್ತಿ ಮೂಲೆ ಸೇರುತ್ತದೆ, ಬುತ್ತಿ ತುಂಬಿ ಕೈಗೆ ಬರುತ್ತದೆ. ಬೆಂಗಳೂರಿನ ರೈಲು ಹೊರಡುವ ಹೊತ್ತಿಗೆ ಶಯನಗೃಹ ಮತ್ತೆ ಅಡಿಗೆಮನೆಯಾಗಿರುತ್ತದೆ.